ಹಡಗು ಹತ್ತುವ ಮುಂಚೆ: ಕುಂದಾಪುರ ಸೀಮೆಯ ಮನೆಮಂದಿಗೆ ಕ್ರೂಸ್ ಪ್ರವಾಸದ ತಿಳಿವಳಿಕೆ

"ಹೆಣೆ, ಇಲ್ಲ್ ಕಡ್ಲೇ ಕಾಂತಿಲ್ಲೆ ಅಲ್ದಾ!"

ಕೊಚ್ಚಿಯಲ್ಲಿ ಹಡಗು ಹತ್ತಿ ಹತ್ತು ನಿಮಿಷ ಆಗಿತ್ತಷ್ಟೆ. ನನ್ನ ಅತ್ತೆಗೆ 71 ವರ್ಷ. ಹುಟ್ಟಿದ್ದು ಗಂಗೊಳ್ಳಿಯಲ್ಲಿ. ಅಳಿವೆಯ ಬಾಯಲ್ಲಿ ಬೋಟುಗಳು ಏಳುತ್ತಾ ಬೀಳುತ್ತಾ ಒಳಗೆ ಬರುವುದನ್ನು ನೋಡುತ್ತಲೇ ಬೆಳೆದವರು. ಹಡಗು ಅಂದ ಕೂಡಲೇ ಗಾಳಿ, ಉಪ್ಪುನೀರು, ಡೀಸೆಲ್ ವಾಸನೆ ಎಂದುಕೊಂಡು ಸೆರಗು ಬಿಗಿದು ತಯಾರಾಗಿ ಬಂದಿದ್ದರು. ಒಳಗೆ ಕಾಲಿಟ್ಟರೆ ನೆಲಕ್ಕೆ ದಪ್ಪ ರತ್ನಗಂಬಳಿ, ತಲೆಯ ಮೇಲೆ ದೀಪದ ಗೊಂಚಲು, ಲಿಫ್ಟು, ಅಂಗಡಿ ಸಾಲು, ಮೂಲೆಯಲ್ಲಿ ಪಿಯಾನೋ. ಕಡಲು ಎಲ್ಲಿದೆ ಎಂದು ಸುತ್ತ ನೋಡಿ ಅವರು ಆಡಿದ ಮಾತು ಅದು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯಿಂದ ಕ್ರೂಸ್ ಪ್ರವಾಸದ ಬಗ್ಗೆ ವಿಚಾರಿಸುವವರಿಗೆಲ್ಲ ನಾನು ಮೊದಲು ಹೇಳುವುದು ಅತ್ತೆಯ ಈ ಮಾತನ್ನೇ. ಕ್ರೂಸ್ ಹಡಗು ಅಂದರೆ ನೀರಿನ ಮೇಲೆ ತೇಲುವ ಒಂದು ಪೇಟೆ. ಅದರೊಳಗೆ ಇದ್ದುಕೊಂಡು ಕಡಲು ನೋಡಬೇಕಾದರೆ ಹೊತ್ತು ಗೊತ್ತು ಮಾಡಿಕೊಂಡು, ಮೆಟ್ಟಿಲು ಹತ್ತಿ, ಹೊರಗೆ ಹೋಗಿಯೇ ನೋಡಬೇಕು. ನಿಮ್ಮ ಮನೆಯವರಿಗೆ ಬೇಕಾದದ್ದು ಪೇಟೆಯೋ ಕಡಲೋ ಎಂದು ಚಾವಡಿಯಲ್ಲಿ ಎಲ್ಲರೂ ಒಟ್ಟು ಕೂತು ಮಾತಾಡಿ. ಟಿಕೆಟಿನ ಮಾತು ಆಮೇಲೆ. ಎಷ್ಟೋ ಮನೆಗಳಲ್ಲಿ ಪೇಟೆಯೋ ಕಡಲೋ ಎಂಬ ಮಾತೇ ಆಗುವುದಿಲ್ಲ. ಅಜ್ಜಿ ಕಡಲು ನೋಡಲು ಬಂದಿರುತ್ತಾರೆ, ಮೊಮ್ಮಕ್ಕಳು ಈಜುಕೊಳಕ್ಕೆ ಬಂದಿರುತ್ತಾರೆ, ಮನೆಯ ಯಜಮಾನರು ನಿದ್ರೆ ಮಾಡಲು ಬಂದಿರುತ್ತಾರೆ. ಮೂವರಿಗೂ ಅರ್ಧಂಬರ್ಧ ಸಿಕ್ಕಿ ಎಲ್ಲರಿಗೂ ಬೇಸರವಾಗುತ್ತದೆ.

ಎಲ್ಲಿಂದ ಹತ್ತುವುದು?

"ಪಣಂಬೂರಿನಿಂದಲೇ ಹತ್ತಬಹುದಲ್ಲ?" ಎಂದು ತುಂಬಾ ಜನ ಕೇಳುತ್ತಾರೆ. ಮಳೆಗಾಲ ಮುಗಿದ ಮೇಲೆ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುವುದು ಪೇಪರಿನಲ್ಲಿ ಫೋಟೋ ಸಮೇತ ಬರುತ್ತದೆ, ನಿಜ. ಆದರೆ ಅವು ಬೇರೆ ದೇಶದಲ್ಲಿ ಜನರನ್ನು ಹತ್ತಿಸಿಕೊಂಡು ಹೊರಟ ದೂರಪ್ರಯಾಣದ ಹಡಗುಗಳು. ಬೆಳಿಗ್ಗೆ ಬಂದು, ಪ್ರಯಾಣಿಕರಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ ದೇವಸ್ಥಾನ ತೋರಿಸಿಕೊಂಡು ಸಂಜೆ ಹೊರಟು ಹೋಗುತ್ತವೆ. ನಮ್ಮ ಮಟ್ಟಿಗೆ ಹತ್ತುವ ಜಾಗ ಅಂದರೆ ಮುಂಬಯಿ, ಗೋವಾದ ಮರ್ಮಗೋವಾ ಬಂದರು, ಇಲ್ಲವೇ ಕೊಚ್ಚಿ.

ಕೊಂಕಣ ರೈಲಿನ ದೆಸೆಯಿಂದ ಈ ಮೂರೂ ನಮಗೆ ಹತ್ತಿರವೇ. 1998ರಲ್ಲಿ ಆ ರೈಲು ಪೂರ್ತಿ ಓಡಲು ಶುರುವಾಗುವುದಕ್ಕಿಂತ ಎಷ್ಟೋ ಮೊದಲು, ನಮ್ಮ ಅಜ್ಜಂದಿರ ಕಾಲದಲ್ಲಿ, ಮುಂಬಯಿಗೆ ಹೋಗುವುದೆಂದರೆ ಹಡಗೇ ಆಗಿತ್ತು. ಹೊಟೇಲು ಕೆಲಸಕ್ಕೆ ಹೊರಟ ಹುಡುಗರು ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿಕೊಂಡು ಹೋದ ಕತೆ ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಇದೆ. ಅದಕ್ಕೂ ಹಿಂದೆ ಹೋದರೆ ಬಸ್ರೂರು, ಬಾರಕೂರು ಎರಡೂ ಹೆಸರಾಂತ ಬಂದರುಗಳೇ. 1665ರಲ್ಲಿ ಶಿವಾಜಿಯ ಹಡಗುಪಡೆ ಬಸ್ರೂರಿನ ತನಕ ಬಂದಿತ್ತು. ಈಗ ಹಡಗು ಹತ್ತಲು ನಾವು ರೈಲು ಹತ್ತಬೇಕು, ಅಷ್ಟೆ.

ಮುಂಬಯಿಗೆ ಮತ್ಸ್ಯಗಂಧ ಸರಿಯಾದ ರೈಲು. ಮಧ್ಯಾಹ್ನ ಕಳೆದ ಮೇಲೆ ಕುಂದಾಪುರದಲ್ಲೋ ಬೈಂದೂರಿನಲ್ಲೋ ಹತ್ತಿದರೆ ಮರುದಿನ ಬೆಳಿಗ್ಗೆ ಕುರ್ಲಾದಲ್ಲಿ ಇಳಿಯುತ್ತೀರಿ. ಆದರೆ ಹಡಗು ಹೊರಡುವ ದಿನವೇ ಬೆಳಿಗ್ಗೆ ಮುಂಬಯಿ ಮುಟ್ಟುವ ಹಾಗೆ ಟಿಕೆಟ್ ಮಾಡಬೇಡಿ. ರೈಲು ಐದು ಗಂಟೆ ತಡವಾದರೆ ಹಡಗು ಕಾಯುವುದಿಲ್ಲ. ಕಟ್ಟಿದ ದುಡ್ಡೂ ವಾಪಸು ಬರುವುದಿಲ್ಲ. ಒಂದು ದಿನ ಮೊದಲೇ ಹೋಗಿ. ನಮ್ಮ ಕಡೆಯವರಿಗೆ ಮುಂಬಯಿಯಲ್ಲಿ ಒಂದು ರಾತ್ರಿ ತಂಗಲು ನೆಂಟರ ಮನೆ ಸಿಗದಿರುವುದು ಅಪರೂಪ. ಕೊಚ್ಚಿಗಾದರೆ ನೇತ್ರಾವತಿ ಇದೆ. ಗೋವಾ ಎಲ್ಲಕ್ಕಿಂತ ಹತ್ತಿರ, ಮಡಗಾಂವ್‌ನಿಂದ ಕುಂದಾಪುರಕ್ಕೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿಯುವ ಟಿಕೆಟ್ ಸಿಗುತ್ತದೆಯೇ ಎಂದು ಕೇಳಿ ನೋಡಿ. ಸಿಕ್ಕಿದರೆ ಹೋದ ದಾರಿಯಲ್ಲೇ ಮರಳುವ ಕೆಲಸ ತಪ್ಪುತ್ತದೆ. ನಾವು ಮಾಡಿದ್ದು ಹಾಗೆಯೇ: ಕೊಚ್ಚಿಯಲ್ಲಿ ಹತ್ತಿ ಮುಂಬಯಿಯಲ್ಲಿ ಇಳಿದೆವು, ಎರಡು ರಾತ್ರಿ.

ಪೇಟೆಹಡಗು, ದ್ವೀಪಹಡಗು

ನಮ್ಮ ಪಶ್ಚಿಮ ಕರಾವಳಿಯಲ್ಲಿ ಮನೆಮಂದಿ ಹೋಗಬಹುದಾದ ಹಡಗುಪ್ರವಾಸ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಪೇಟೆಹಡಗು. ಕಾರ್ಡೀಲಿಯಾ ಕಂಪೆನಿ 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಶುರು ಮಾಡಿದ ಪ್ರವಾಸಗಳು ಇದೇ ಬಗೆಯವು. ಅದರ 'ಎಂಪ್ರೆಸ್' ಹಡಗು ಫ್ರಾನ್ಸಿನಲ್ಲಿ ಕಟ್ಟಿದ್ದು, 1990ರಿಂದ ನೀರಿನ ಮೇಲಿದೆ, ಮೊದಲು ಅಮೆರಿಕದ ಕಡೆ ಓಡುತ್ತಿತ್ತು. ಉದ್ದ ಸುಮಾರು 211 ಮೀಟರ್, 11 ಅಂತಸ್ತು. ನಮ್ಮ ಗಂಗೊಳ್ಳಿ ಬಂದರಿನ ಟ್ರಾಲ್ ಬೋಟುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಹತ್ತಾದರೂ ಬೇಕು ಅಷ್ಟು ಉದ್ದಕ್ಕೆ. ಗೋವಾ, ಕೊಚ್ಚಿ, ಲಕ್ಷದ್ವೀಪದ ದಾರಿಯಲ್ಲಿ ಎರಡರಿಂದ ಐದು ರಾತ್ರಿಯ ಪ್ರವಾಸಗಳು ಇರುತ್ತವೆ. ನಾಟಕ, ಹಾಡು, ಜಾದೂ, ಈಜುಕೊಳ, ಮಕ್ಕಳಿಗೆ ಆಟದ ಕೋಣೆ, ದೊಡ್ಡವರಿಗೆ ಮದ್ಯ, ಕ್ಯಾಸಿನೋ ಎಲ್ಲವೂ ಒಳಗೇ. ಲಕ್ಷದ್ವೀಪದ ಟಿಕೆಟ್ ತೆಗೆದುಕೊಂಡರೂ ಹೆಚ್ಚಿನ ಹೊತ್ತು ಕಳೆಯುವುದು ಹಡಗಿನೊಳಗೆ ಎಂಬುದು ನೆನಪಿರಲಿ.

ಎರಡನೆಯದು ದ್ವೀಪಹಡಗು. ಲಕ್ಷದ್ವೀಪ ಆಡಳಿತದ ಪ್ರವಾಸ ಸಂಸ್ಥೆ 'ಸ್ಪೋರ್ಟ್ಸ್' ಕೊಚ್ಚಿಯಿಂದ ನಡೆಸುತ್ತ ಬಂದ 'ಸಮುದ್ರಂ' ಪ್ರವಾಸ ಈ ಜಾತಿಯದು. ಎಂ.ವಿ. ಕವರತ್ತಿ ಎಂಬ, ಸುಮಾರು 700 ಜನ ಹಿಡಿಯುವ ಹಡಗು. ದ್ವೀಪದ ಜನ ಆಸ್ಪತ್ರೆಗೆ, ಕಾಲೇಜಿಗೆ, ಮದುವೆ ಜವಳಿಗೆ ಓಡಾಡುವ ಹಡಗೇ ಅದು. ಅದರಲ್ಲೇ ಪ್ರವಾಸಿಗರಿಗೂ ಜಾಗ. ರಾತ್ರಿ ಹಡಗಿನಲ್ಲಿ ಮಲಗುವುದು, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಇಳಿದು ನೀರಾಟ, ಅಲ್ಲಿಯ ಊಟ, ಸಂಜೆಗೆ ಮತ್ತೆ ಹಡಗು. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಇದೆ. ಕಾಪು ದೀಪಸ್ತಂಭ ಹತ್ತಿ ಖುಷಿಪಟ್ಟ ಮಕ್ಕಳಿಗೆ ಅದನ್ನು ತೋರಿಸಲೇಬೇಕು. ಕುಣಿತ, ಈಜುಕೊಳ ಏನೂ ಇಲ್ಲ. ಬಂಗಾರಂ ಬಿಟ್ಟರೆ ದ್ವೀಪಗಳಲ್ಲಿ ಮದ್ಯ ನಿಷೇಧ. ಮನೆಮಂದಿಯೆಲ್ಲ ಕೂತು ಹರಟಲು, ನಿಜವಾದ ಕಡಲು ನೋಡಲು ನನ್ನನ್ನು ಕೇಳಿದರೆ ಇದೇ ಮೇಲು.

ಒಂದು ಎಚ್ಚರ ಮಾತ್ರ ಅಗತ್ಯ. ಬಹುತೇಕ ದ್ವೀಪಗಳಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ಹವಳದ ದಿಬ್ಬದ ಹೊರಗೆ ಆಳ ನೀರಿನಲ್ಲಿ ನಿಲ್ಲುತ್ತದೆ. ಹಡಗಿನ ಬದಿಯ ಬಾಗಿಲಿನಿಂದ, ಅಲೆಗೆ ಮೇಲೆ ಕೆಳಗೆ ಆಡುತ್ತಿರುವ ಸಣ್ಣ ದೋಣಿಗೆ ದಾಟಬೇಕು. ಕೈಹಿಡಿದು ಇಳಿಸಲು ಜನ ಇರುತ್ತಾರೆ. ಆದರೂ ದೋಣಿ ಮೇಲೆ ಬಂದ ಕ್ಷಣಕ್ಕೆ ಸರಿಯಾಗಿ ಕಾಲಿಡುವ ಧೈರ್ಯ, ಮಂಡಿಯಲ್ಲಿ ಬಲ ಎರಡೂ ಬೇಕು. ಮಂಡಿ ನೋವಿನ ಹಿರಿಯರಿದ್ದರೆ ಮೊದಲೇ ಯೋಚಿಸಿ. ಲಕ್ಷದ್ವೀಪಕ್ಕೆ ಪ್ರವೇಶ ಅನುಮತಿಯೂ ಕಡ್ಡಾಯ, ವಾರಗಟ್ಟಲೆ ಮೊದಲೇ ಅರ್ಜಿ ಹಾಕಬೇಕು. ಹಡಗಿನ ವೇಳಾಪಟ್ಟಿ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ರೈಲು ಟಿಕೆಟ್ ಮಾಡುವ ಮೊದಲು ಹಡಗಿನ ಟಿಕೆಟ್ ಕೈಗೆ ಬರಲಿ.

ಯಾವ ತಿಂಗಳು?

ಜೂನ್ 1ರಿಂದ ಜುಲೈ 31ರ ತನಕ ನಮ್ಮಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ ಎಂಬುದು ಒಂದು ಕಾರಣ, ಕಡಲು ಕೆರಳಿರುತ್ತದೆ ಎಂಬುದು ಇನ್ನೊಂದು. ಪ್ರವಾಸಿ ಹಡಗುಗಳೂ ಮಳೆಗಾಲದಲ್ಲಿ ಈ ಕಡೆಯ ಕಡಲನ್ನು ಬಿಟ್ಟು ಪೂರ್ವ ಕರಾವಳಿಯ ಕಡೆ ಹೋಗುವುದುಂಟು. ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಇದ್ದರೂ ಚಂಡಮಾರುತದ ಭಯ ಇದ್ದದ್ದೇ. 2021ರ ಮೇ ತಿಂಗಳ ತೌಕ್ತೆ ನಮ್ಮ ಕರಾವಳಿಗೆ ಮಾಡಿದ್ದನ್ನು ಯಾರೂ ಮರೆತಿಲ್ಲ. ಡಿಸೆಂಬರ್ ನಡುವಿನಿಂದ ಮಾರ್ಚ್ ತನಕ ಕಡಲು ಸಾಮಾನ್ಯವಾಗಿ ಶಾಂತ. ಕ್ರಿಸ್ಮಸ್, ಹೊಸ ವರ್ಷದ ವಾರ ಟಿಕೆಟ್ ದರ ಮೇಲೇರಿರುತ್ತದೆ, ಗದ್ದಲವೂ ಜಾಸ್ತಿ. ಮಕ್ಕಳಿಗೆ ಎರಡು ದಿನ ಶಾಲೆ ತಪ್ಪಿಸಿಯಾದರೂ ಜನವರಿಯಲ್ಲಿ ಹೋಗಿ ಎಂದೇ ನಾನು ಹೇಳುವುದು.

ದುಡ್ಡಿನ ವಿಷಯ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಾವು ಏಟು ತಿಂದದ್ದು ಇಲ್ಲೇ. ನಮಗೆ ಟಿಕೆಟ್ ಮಾಡಿಕೊಟ್ಟ ಏಜೆಂಟರು ಮೊದಲು ಹೇಳಿದ ದರ 'ತಲೆಗೆ ಇಷ್ಟು' ಎಂದು. ಐದು ಜನರಿಗೆ ಲೆಕ್ಕ ಹಾಕಿ ದುಡ್ಡು ಎತ್ತಿಟ್ಟಿದ್ದೆವು. ಕೊನೆಗೆ ಬಂದ ಬಿಲ್ಲಿನಲ್ಲಿ ಬಂದರು ಶುಲ್ಕ, ಜಿಎಸ್‌ಟಿ, ರಾತ್ರಿಗೆ ತಲೆಗೆ ಇಷ್ಟೆಂದು ಸಿಬ್ಬಂದಿಯ ಸೇವಾಶುಲ್ಕ ಎಲ್ಲ ಬೇರೆಬೇರೆ. ಕೇಳಿದರೆ "ಅದು ಎಲ್ಲರಿಗೂ ಇದ್ದದ್ದೇ" ಎಂದರು. ಇದ್ದದ್ದೇ ಇರಬಹುದು, ಆದರೆ ತಿಂಗಳ ಸಂಬಳದಲ್ಲಿ ಉಳಿಸಿ ಹೊರಟ ಮನೆಯವರಿಗೆ ಮೊದಲೇ ತಿಳಿಸುವುದು ಧರ್ಮ. ಆದ್ದರಿಂದ ನೀವು ಒಂದೇ ಪ್ರಶ್ನೆ ಕೇಳಿ: "ಹಡಗು ಹತ್ತಿ ಇಳಿಯುವವರೆಗೆ ನಮ್ಮ ಇಷ್ಟು ಜನರಿಗೆ ಒಟ್ಟು ಎಷ್ಟು?" ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ಜಾಹೀರಾತಿನ ದರ ಒಂದು ಕೋಣೆಯಲ್ಲಿ ಇಬ್ಬರು ಇರುವ ಲೆಕ್ಕದ್ದು. ಅದೇ ಕೋಣೆಯ ಮೂರನೆಯವರಿಗೆ, ನಾಲ್ಕನೆಯವರಿಗೆ ಸಾಮಾನ್ಯವಾಗಿ ಕಡಿಮೆ. ಮುಖ್ಯ ಊಟ-ತಿಂಡಿ ಟಿಕೆಟಿನಲ್ಲಿ ಸೇರಿರುತ್ತದೆ. ತಂಪು ಪಾನೀಯ, ವಿಶೇಷ ರೆಸ್ಟೊರೆಂಟು, ಫೋಟೋ, ಇಂಟರ್‌ನೆಟ್, ಬಂದರಿನಲ್ಲಿ ಇಳಿದು ಊರು ಸುತ್ತುವ ಬಸ್ಸು, ವೈದ್ಯರ ಶುಲ್ಕ ಇವೆಲ್ಲ ಬೇರೆ. ಹಡಗಿನಲ್ಲಿ ನೋಟು ನಡೆಯುವುದಿಲ್ಲ. ಕೋಣೆಯ ಬೀಗಕ್ಕೆ ಕೊಡುವ ಕಾರ್ಡನ್ನೇ ಎಲ್ಲ ಕಡೆ ತೋರಿಸುವುದು. ಮಕ್ಕಳ ಕೈಗೆ ಆ ಕಾರ್ಡು ಸಿಕ್ಕಿದರೆ ಐಸ್‌ಕ್ರೀಮಿನ ಲೆಕ್ಕ ಕೊನೆಯ ದಿನವೇ ತಿಳಿಯುವುದು. ಮಕ್ಕಳ ಕಾರ್ಡಿನಲ್ಲಿ ಖರೀದಿ ಬಂದ್ ಮಾಡಲು ಕೌಂಟರಿನಲ್ಲಿ ಹೇಳಿದರೆ ಮಾಡಿಕೊಡುತ್ತಾರೆ.

ಕೋಣೆ

ಕೋಣೆ ಸಣ್ಣದು. ನಾಲ್ಕು ಜನರ ಕೋಣೆಯೆಂದರೆ ಕೆಳಗೆ ಎರಡು ಮಂಚ, ಗೋಡೆಗೆ ಮಡಚಿಟ್ಟ ಇನ್ನೆರಡು ಮೇಲಿನಿಂದ ಇಳಿಯುತ್ತವೆ, ಥೇಟ್ ರೈಲಿನ ಅಪ್ಪರ್ ಬರ್ತ್. ದೊಡ್ಡ ಸೂಟ್‌ಕೇಸ್ ಬೇಡ, ಮಂಚದ ಕೆಳಗೆ ತೂರುವ ಮೆತ್ತನೆ ಬ್ಯಾಗು ಸಾಕು. ಎಲ್ಲಕ್ಕಿಂತ ಅಗ್ಗದ ಕೋಣೆ ಹಡಗಿನ ಒಡಲೊಳಗೆ ಇರುತ್ತದೆ, ಕಿಟಕಿ ಇಲ್ಲ. ದೀಪ ಆರಿಸಿದರೆ ಬೆಳಿಗ್ಗೆಯೋ ರಾತ್ರಿಯೋ ಗೊತ್ತಾಗದಷ್ಟು ಕತ್ತಲೆ. ಮಕ್ಕಳಿಗೆ ಅದು ಮೋಜು. ಅತ್ತೆ ಮಾತ್ರ ಬೆಳಗಿನ ಜಾವ ಎಚ್ಚರಾಗಿ, ಎಲ್ಲಿದ್ದೇನೆಂದು ತಿಳಿಯದೆ ಗೋಡೆ ತಡವುತ್ತಾ ಕೂತಿದ್ದರು. ಹಿರಿಯರು ಜೊತೆಗಿದ್ದರೆ ನಾಲ್ಕು ಕಾಸು ಹೆಚ್ಚಾದರೂ ಕಿಟಕಿಯ ಕೋಣೆ ತೆಗೆದುಕೊಳ್ಳಿ. ಆಗದಿದ್ದರೆ ಬಚ್ಚಲಿನ ದೀಪ ಹಾಕಿಯೇ ಮಲಗಿ. ಬಚ್ಚಲ ಬಾಗಿಲಿಗೆ ನಮ್ಮ ಹಳೆ ಮನೆಗಳ ಹಾಗೆ ಎತ್ತರದ ಹೊಸ್ತಿಲು ಇರುತ್ತದೆ, ಎಡವುವುದು ಅಲ್ಲೇ. ಕೋಣೆಗೆ ಕಾಲಿಟ್ಟ ಕೂಡಲೇ ಹಿರಿಯರಿಗೆ ಅದನ್ನು ಕೈಹಿಡಿದು ತೋರಿಸಿ. ವಿದೇಶಿ ಹಡಗಾದರೆ ಬಚ್ಚಲಲ್ಲಿ ಕಾಗದ ಮಾತ್ರ, ಒಂದು ಸಣ್ಣ ಚೊಂಬೋ ಮಗ್ಗೋ ಬ್ಯಾಗಿನಲ್ಲಿರಲಿ.

ಬೆಂಕಿ ಹೊತ್ತಿಸಬಹುದಾದ ಏನನ್ನೂ ಹಡಗಿನೊಳಗೆ ಬಿಡುವುದಿಲ್ಲ. ಇಸ್ತ್ರಿಪೆಟ್ಟಿಗೆ, ವಿದ್ಯುತ್ ಕೆಟಲ್, ಊದುಬತ್ತಿ, ದೀಪದ ಬತ್ತಿ ಎಲ್ಲ ತಪಾಸಣೆಯಲ್ಲೇ ತೆಗೆದಿಡುತ್ತಾರೆ. ದಿನವೂ ದೇವರಿಗೆ ದೀಪ ಹಚ್ಚುವ ಅಜ್ಜಿಯಂದಿರಿಗೆ ಇದನ್ನು ಮನೆಯಲ್ಲೇ ಹೇಳಿ ಒಪ್ಪಿಸಿ. ನಮ್ಮ ಅತ್ತೆ ಕೈಮುಗಿದು, "ಕಡ್ಲ್ ಮಧ್ಯ ಅಲ್ದಾ, ದೇವ್ರಿಗೇ ಗೊತ್ತಾತ್ತ್" ಎಂದು ಸುಮ್ಮನಾದರು.

ಕಡಲ ಕಾಯಿಲೆ

ಕರಾವಳಿಯವರಿಗೆ ಕಡಲ ಕಾಯಿಲೆ ಬರುವುದಿಲ್ಲ ಎಂಬ ನಂಬಿಕೆಯನ್ನು ಬಿಟ್ಟು ಹೊರಡಿ. ಸಣ್ಣ ಬೋಟು ಕುಲುಕುವ ರೀತಿಯೇ ಬೇರೆ, ದೊಡ್ಡ ಹಡಗು ನಿಧಾನ ಹೊರಳುವ ರೀತಿಯೇ ಬೇರೆ. ಚಿಕ್ಕಂದಿನಲ್ಲಿ ಅಪ್ಪನ ಬೋಟಿನಲ್ಲಿ ಆಡಿ ಬೆಳೆದ ನನ್ನ ಗಂಡ ಮೊದಲ ರಾತ್ರಿ ಊಟದ ತಟ್ಟೆ ಬಿಟ್ಟು ಎದ್ದು ಹೋಗಿ ಮಲಗಿದರು. ಮುಚ್ಚಿದ ಕೋಣೆಯಲ್ಲಿ ಗೋಡೆ ಅಲ್ಲಾಡುವುದಿಲ್ಲ ಎಂದು ಕಣ್ಣು ಹೇಳುತ್ತದೆ. ದೇಹ ಅಲ್ಲಾಡುತ್ತಿದೆ ಎಂದು ಕಿವಿಯೊಳಗಿನ ಸಮತೋಲದ ಅಂಗ ಹೇಳುತ್ತದೆ. ಈ ಎರಡರ ಜಗಳವೇ ವಾಕರಿಕೆ. ಅದಕ್ಕೇ ಹೊರಗೆ ಬಂದು ದಿಗಂತದ ಗೆರೆಯನ್ನು ದಿಟ್ಟಿಸಿದರೆ ಹಗುರಾಗುವುದು. ಕೆಳ ಅಂತಸ್ತಿನ, ಹಡಗಿನ ನಟ್ಟನಡುವಿನ ಕೋಣೆಗೆ ಹೊಯ್ದಾಟ ಕಡಿಮೆ. ಟಿಕೆಟ್ ಮಾಡುವಾಗಲೇ ಕೇಳಿ ತೆಗೆದುಕೊಳ್ಳಬಹುದು. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ವಾಕರಿಕೆ ಶುರುವಾದ ಮೇಲೆ ಅದು ಕೆಲಸ ಮಾಡುವುದು ಕಷ್ಟ. ಮಕ್ಕಳಿಗೆ, ಬಿಪಿ-ಶುಗರ್ ಇದ್ದವರಿಗೆ ಯಾವುದು, ಎಷ್ಟು ಎಂದು ನಿಮ್ಮ ವೈದ್ಯರನ್ನೇ ಕೇಳಿ. ಒಣಶುಂಠಿ ಚೂರು, ಲಿಂಬೆಹುಳಿ, ಉಪ್ಪುಬಿಸ್ಕತ್ತು ಜೊತೆಗಿರಲಿ.

ದಿನನಿತ್ಯದ ಮಾತ್ರೆಗಳನ್ನು ಎರಡು ದಿನದ್ದು ಹೆಚ್ಚೇ ಹಿಡಿದುಕೊಳ್ಳಿ, ಅದೂ ಕೈಚೀಲದಲ್ಲಿ. ದೊಡ್ಡ ಬ್ಯಾಗು ಕೋಣೆಗೆ ಬಂದು ಸೇರಲು ಗಂಟೆಗಟ್ಟಲೆ ಆಗಬಹುದು. ಹೃದಯದ ತೊಂದರೆ ಇರುವವರು ಹೊರಡುವ ಮೊದಲು ವೈದ್ಯರಿಗೆ ತೋರಿಸಿಕೊಳ್ಳಲೇಬೇಕು. ಹಡಗಿನಲ್ಲಿ ವೈದ್ಯರಿರುತ್ತಾರೆ, ಮಣಿಪಾಲದಂಥ ಆಸ್ಪತ್ರೆ ಇರುವುದಿಲ್ಲ. 24 ವಾರ ತುಂಬಿದ ಗರ್ಭಿಣಿಯರನ್ನೂ, 6 ತಿಂಗಳು ತುಂಬದ ಕೂಸನ್ನೂ ಬಹುತೇಕ ಕಂಪೆನಿಗಳು ಹತ್ತಿಸಿಕೊಳ್ಳುವುದಿಲ್ಲ.

ಏಳು ಕಿರುಸೀಟಿ, ಒಂದು ಉದ್ದಸೀಟಿ

ಹಡಗು ಹೊರಡುವ ಮೊದಲು ಸುರಕ್ಷತಾ ಅಭ್ಯಾಸ ಇರುತ್ತದೆ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಸೀಟಿ ಊದಿದರೆ ಎಲ್ಲರೂ ತಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಸೇರಬೇಕು. ಸೆಲ್ಫಿಯ ಭರದಲ್ಲಿ ಇದನ್ನು ಉದಾಸೀನ ಮಾಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. 2012ರ ಜನವರಿ 13ರ ರಾತ್ರಿ ಇಟಲಿಯ ಗಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾನ್ಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ತಾಗಿ ಮಗುಚಿ 32 ಜನ ಸತ್ತರು. ಅವತ್ತು ಸಂಜೆ ಹತ್ತಿದ ನೂರಾರು ಪ್ರಯಾಣಿಕರಿಗೆ ಅಭ್ಯಾಸ ಇನ್ನೂ ಆಗಿರಲಿಲ್ಲ. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅಭ್ಯಾಸ ಆಗಲೇಬೇಕು ಎಂಬ ನಿಯಮ ಬಿಗಿಯಾದದ್ದು ಆ ದುರಂತದ ನಂತರ. ಕೋಣೆಯ ಕಪಾಟಿನಲ್ಲಿರುವ ಜೀವರಕ್ಷಕ ಅಂಗಿಗಳನ್ನು ಎಣಿಸಿ. ಮಕ್ಕಳ ಅಳತೆಯದು ಇಲ್ಲದಿದ್ದರೆ ಕೂಡಲೇ ಕೇಳಿ ತರಿಸಿ. ನಿಮ್ಮ ಸೇರುವ ಜಾಗಕ್ಕೆ ಲಿಫ್ಟ್ ಇಲ್ಲದೆ ಮೆಟ್ಟಿಲಿನಲ್ಲೇ ಒಮ್ಮೆ ಅಜ್ಜಿ, ಮಕ್ಕಳ ಸಮೇತ ನಡೆದು ನೋಡಿ. ನಮಗೆ ಅದಕ್ಕೆ ಎಂಟು ನಿಮಿಷ ಬೇಕಾಯಿತು.

ಈಜುಕೊಳದ ಬಗ್ಗೆಯೂ ಒಂದು ಮಾತು. ಹಲವು ಹಡಗುಗಳಲ್ಲಿ ಅಲ್ಲಿ ಕಾಯುವವರು ಇರುವುದಿಲ್ಲ. ಹಡಗು ಹೊರಳಿದಾಗ ಕೊಳದ ನೀರೂ ಹೊರಳುತ್ತದೆ. ಹೊಳೆಯಲ್ಲಿ ಈಜು ಕಲಿತ ಮಕ್ಕಳಾದರೂ ಬದಿಯಲ್ಲಿ ದೊಡ್ಡವರೊಬ್ಬರು ಇರಲೇಬೇಕು.

ಊಟ, ಮತ್ತೆ ಬ್ರಹ್ಮಾವರದ ಹುಡುಗ

ಭಾರತದ ಹಡಗುಗಳಲ್ಲಿ ಊಟಕ್ಕೆ ಚಿಂತೆ ಇಲ್ಲ. ಸಸ್ಯಾಹಾರ, ಜೈನ ಊಟ ಬೇರೆಯೇ ಸಿಗುತ್ತದೆ. ಬೆಳಿಗ್ಗೆ ಇಡ್ಲಿ, ದೋಸೆಯೂ ಇತ್ತು. ಕೊಚ್ಚಕ್ಕಿ ಗಂಜಿ, ಮೀನು ಗಸಿ ಕೇಳಬೇಡಿ. ಮನೆಯಲ್ಲಿ ಬೇಯಿಸಿದ್ದನ್ನು ಒಳಗೆ ಬಿಡುವುದಿಲ್ಲ, ಅಂಗಡಿಯ ಸೀಲ್ ಒಡೆಯದ ತಿಂಡಿಗೆ ಹೆಚ್ಚಿನ ಕಡೆ ತಕರಾರಿಲ್ಲ. ರಾತ್ರಿ ಊಟಕ್ಕೆ ಎರಡು ಪಂಕ್ತಿ ಇದ್ದರೆ ಮೊದಲನೆಯದನ್ನೇ ಕೇಳಿ. ಎರಡನೆಯದಕ್ಕೆ ಕೂತರೆ ಮಕ್ಕಳು ತಟ್ಟೆಯ ಮೇಲೇ ತೂಕಡಿಸುತ್ತಾರೆ. ಬುಫೆಗೆ ಹೋಗುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಹಡಗಿನಲ್ಲಿ ಒಬ್ಬರಿಗೆ ವಾಂತಿಭೇದಿಯಾದರೆ ಹರಡಲು ಹೆಚ್ಚು ಹೊತ್ತು ಬೇಡ, ಕೈಗೆ ಸವರುವ ದ್ರವ ಒಂದನ್ನೇ ನಂಬಬೇಡಿ.

ಆ ಎರಡು ದಿನ ನಾನು ಅಕ್ಕಿ ನೆನೆಹಾಕಲಿಲ್ಲ, ಒಲೆ ಹಚ್ಚಲಿಲ್ಲ, ನಾಳೆಗೆ ಎಂತ ಸಾರು ಎಂದು ಯೋಚಿಸಲಿಲ್ಲ. ಅತ್ತೆಯೂ ಹಾಗೆಯೇ. ಅವರು ಮದುವೆಯಾಗಿ ಬಂದ ಮೇಲೆ ಬೇರೆಯವರು ಬಡಿಸಿದ್ದನ್ನು ಸತತ ಆರು ಹೊತ್ತು ಕೂತು ಉಂಡದ್ದು ಅದೇ ಮೊದಲು. ಹೆಂಗಸರಿಗೆ ಈ ಪ್ರವಾಸದಿಂದ ಏನು ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ಇದನ್ನೇ ಮೊದಲು ಹೇಳುತ್ತೇನೆ.

ಬಡಿಸುತ್ತಿದ್ದ ಹುಡುಗನೊಬ್ಬ ನಮ್ಮ ಮಾತು ಕೇಳಿ ಮೇಜಿನ ಬಳಿಯೇ ನಿಂತುಬಿಟ್ಟ. "ಅಮ್ಮಾ, ನಿಮ್ದ್ ಎಲ್ಲಾಯ್ತ್?" ಅವನದು ಬ್ರಹ್ಮಾವರದ ಬದಿ. ಮಂಗಳೂರು, ಉಡುಪಿ, ಗೋವಾ ಕಡೆಯ ಹುಡುಗರು ಹಡಗುಗಳಲ್ಲಿ ತುಂಬಾ ಇದ್ದಾರೆ, ನಿಮಗೂ ಒಬ್ಬರಾದರೂ ಸಿಗುತ್ತಾರೆ. ಊರಿನ ಭಾಷೆಯಲ್ಲಿ ಎರಡು ಮಾತಾಡಿಸಿ. ಒಪ್ಪಂದದ ಪ್ರಕಾರ ತಿಂಗಳುಗಟ್ಟಲೆ ಮನೆಗೆ ಹೋಗದೆ ದುಡಿಯುವ ಮಕ್ಕಳು ಅವರು. ಇವನು ಏಳು ತಿಂಗಳಾಯಿತು ಮನೆ ಕಾಣದೆ. ಅತ್ತೆಗೆ ಪ್ರತಿ ಊಟಕ್ಕೂ ಬಿಸಿನೀರು, ಮೊಸರು ತಂದಿಟ್ಟ. ಮಲಗಲು ಹೋಗುವಾಗ, "ನಾಳಿ ಬೆಳಿಗ್ಗೆ ಬಲ್ಬದಿಯಗೆ ನಿಂತ್ಕಣಿ ಅಮ್ಮಾ, ನಮ್ ಊರ್ ದಾಟ್ತ್" ಎಂದ.

ಫೋನು, ನೀಲಿ ಚುಕ್ಕೆ

ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ನೆಟ್‌ವರ್ಕ್ ಹೋಗುತ್ತದೆ. ಹಡಗಿನ ಇಂಟರ್‌ನೆಟ್ ದುಬಾರಿ. ಊರಿನಲ್ಲಿ ಉಳಿದವರಿಗೆ "ಇಂಥ ದಿನದ ತನಕ ಫೋನ್ ಸಿಗುವುದಿಲ್ಲ, ಗಾಬರಿಯಾಗಬೇಡಿ" ಎಂದು ಹೇಳಿಯೇ ಹೊರಡಿ. ಆದರೆ ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ. ನಕಾಶೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೀವೆಲ್ಲಿದ್ದೀರಿ ಎಂದು ನಡುಗಡಲಿನಲ್ಲೂ ನೀಲಿ ಚುಕ್ಕೆ ತೋರಿಸುತ್ತದೆ. ಒಳಕೋಣೆಯಲ್ಲಿ ಹಿಡಿಯುವುದಿಲ್ಲ, ಡೆಕ್ಕಿಗೆ ಹೋಗಬೇಕು.

ಮರುದಿನ ಬೆಳಿಗ್ಗೆ ಏಳರ ಹೊತ್ತಿಗೆ ನಾವೈವರೂ ಬಲಬದಿಯ ಕಟಾಂಜನ ಹಿಡಿದು ನಿಂತಿದ್ದೆವು. ಮಗ ಫೋನು ಹಿಡಿದಿದ್ದ, ಚುಕ್ಕೆ ನಿಧಾನ ಮೇಲೆ ಹತ್ತುತ್ತಿತ್ತು. ಮಲ್ಪೆ, ಕೋಡಿ ಬೆಂಗ್ರೆ, ಕುಂದಾಪುರ. ದಡ ಕಾಣುವುದಿಲ್ಲ, ಅಷ್ಟು ಹೊರಗಿದ್ದೆವು. ಜನವರಿಯ ಚಳಿಗಾಳಿ, ನೀರು ಎಣ್ಣೆ ಸವರಿದ ಹಾಗೆ ನುಣ್ಣಗೆ. ನಾವು ಹುಟ್ಟಿದಾಗಿನಿಂದ ನೋಡಿದ್ದು ಕಡಲಿನಲ್ಲಿ ಮುಳುಗುವ ಸೂರ್ಯನನ್ನು. ಅವತ್ತು ಅವನು ನಮ್ಮ ಊರಿನ ಕಡೆಯಿಂದ ಎದ್ದು ಬಂದ. ಕೆಂಪಿನ ಬುಡದಲ್ಲಿ ಒಂದು ತೆಳು ನೀಲಿ ಗೆರೆ, ಮೋಡವೋ ಬೆಟ್ಟವೋ ತಿಳಿಯದಂಥದ್ದು. "ಕೊಡಚಾದ್ರಿ ಅದ್" ಎಂದರು ಅತ್ತೆ. ತಮ್ಮ ಅಪ್ಪ ಬಲೆಗೆ ಹೋದಾಗ ಅದನ್ನೇ ಗುರುತು ಹಿಡಿದು ಹಿಂದಿರುಗುತ್ತಿದ್ದರಂತೆ. ಅಪ್ಪನಿಂದ ಕೇಳಿದ್ದನ್ನು ಅವರು ಕಣ್ಣಾರೆ ಕಂಡದ್ದು ಆಗಲೇ. ಬ್ರಹ್ಮಾವರದ ಹುಡುಗ ಕೈಯಲ್ಲಿ ಖಾಲಿ ಟ್ರೇ ಹಿಡಿದು ಬಾಗಿಲಲ್ಲಿ ಒಂದು ನಿಮಿಷ ನಿಂತು ನೋಡಿ ಒಳಗೆ ಹೋದ.

ಹಾಗಾಗಿ ಹೇಳುವುದು: ರಾತ್ರಿ ಕಾರ್ಯಕ್ರಮ ಹನ್ನೆರಡರ ತನಕ ನೋಡಿ ಬೆಳಿಗ್ಗೆ ಒಂಬತ್ತಕ್ಕೆ ಏಳುವವರಿಗೆ ಕಡಲು ಸಿಗುವುದಿಲ್ಲ. ಒಂದು ಬೆಳಿಗ್ಗೆಯಾದರೂ ಎಲ್ಲರನ್ನೂ ಎಬ್ಬಿಸಿ ಮೇಲೆ ಕರೆದುಕೊಂಡು ಹೋಗಿ.

ಗೋವಾದಲ್ಲಿ ಇಳಿಯುವವರಿಗೆ

ಮರ್ಮಗೋವಾದಲ್ಲಿ ಹಡಗು ಹಗಲಿಡೀ ನಿಲ್ಲುವುದಾದರೆ ಎಲ್ಲವನ್ನೂ ನೋಡುವ ಆಸೆ ಬೇಡ. ಗಂಗೊಳ್ಳಿ, ಬಸ್ರೂರು, ಕುಂದಾಪುರದ ಕೊಂಕಣಿ ಮನೆತನಗಳಿಗೆ ಮಂಗೇಶಿ, ಮಹಾಲಸಾ, ಶಾಂತಾದುರ್ಗಾ ಕುಲದೇವರು. ಅವರಿಗೆ ಆ ಒಂದು ದರ್ಶನಕ್ಕೆ ದಿನ ಸರಿಹೋಗುತ್ತದೆ. ಮಕ್ಕಳಿದ್ದರೆ ಬಂದರಿಗೆ ಹತ್ತಿರವೇ ಇರುವ ನೌಕಾಪಡೆಯ ವಿಮಾನ ಸಂಗ್ರಹಾಲಯ ಸಾಕು, ಸೋಮವಾರ ಅದಕ್ಕೆ ರಜೆ. ಹಡಗಿನವರು ವಾಪಸು ಬರಲು ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಬಂದರಿನ ಗೇಟಿನಲ್ಲಿರಿ. ಗುರುತಿನ ಚೀಟಿ, ಹಡಗಿನ ಕಾರ್ಡು ಎರಡೂ ಕಿಸೆಯಲ್ಲಿರಬೇಕು. ವಿದೇಶದ ಬಂದರು ಮುಟ್ಟುವ ಪ್ರವಾಸವಾದರೆ ಕನಿಷ್ಠ 6 ತಿಂಗಳು ಬಾಕಿ ಇರುವ ಪಾಸ್‌ಪೋರ್ಟ್ ಮಕ್ಕಳಿಗೂ ಬೇಕು.

ಇಳಿಯುವ ಹೊತ್ತು

ಕೊನೆಯ ರಾತ್ರಿ ದೊಡ್ಡ ಬ್ಯಾಗುಗಳನ್ನು ಕೋಣೆಯ ಹೊರಗಿಡಲು ಹೇಳುತ್ತಾರೆ. ಮರುದಿನದ ಬಟ್ಟೆ, ಚಪ್ಪಲಿ, ಮಾತ್ರೆ, ಅಜ್ಜಿಯ ಕನ್ನಡಕ, ಹಲ್ಲಿನ ಸೆಟ್ಟು ಅದರೊಳಗೆ ಸೇರಿ ಹೋಗದ ಹಾಗೆ ನೋಡಿಕೊಳ್ಳಿ. ಬಿಲ್ಲನ್ನು ರಾತ್ರಿಯೇ ಕೇಳಿ ಓದಿ, ಬೆಳಿಗ್ಗೆ ಕೌಂಟರಿನ ಮುಂದೆ ಉದ್ದ ಸಾಲು. ಮುಂಬಯಿಯಿಂದ ಮಧ್ಯಾಹ್ನದ ಮತ್ಸ್ಯಗಂಧಕ್ಕೆ ಟಿಕೆಟ್ ಇದ್ದರೂ ನಡುವೆ ಊಟಕ್ಕೆ, ವಿಶ್ರಾಂತಿಗೆ ಹೊತ್ತಿರುತ್ತದೆ.

ಮನೆಗೆ ಬಂದ ಮೇಲೂ ಒಂದೆರಡು ದಿನ ನೆಲ ತೂಗಿದ ಹಾಗೆ ಅನಿಸುವುದು ಸಹಜ. ಮೈ ಹಡಗಿಗೆ ಹೊಂದಿಕೊಂಡದ್ದು ಬಿಡಲು ಹೊತ್ತು ಹಿಡಿಯುತ್ತದೆ. ವಾರ ಕಳೆದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ನಮ್ಮ ಅತ್ತೆ ಮೂರನೆಯ ದಿನ ಬಾವಿಕಟ್ಟೆಯ ಬಳಿ ನಿಂತು, "ಈಗ ನಿಂತ್ತ್" ಎಂದರು.

ಮಗಳು ಈಗ ಲಕ್ಷದ್ವೀಪ ಅನ್ನುತ್ತಿದ್ದಾಳೆ. ಅತ್ತೆಗೂ ಮನಸ್ಸಿದೆ. ಹಡಗಿನಿಂದ ದೋಣಿಗೆ ದಾಟುವುದು ಅವರ ಮಂಡಿಗೆ ಆದೀತೇ ಎಂಬುದೊಂದೇ ಪ್ರಶ್ನೆ. ಅದಕ್ಕೆ ಮೊದಲು ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬರುವುದೆಂದು ನಿಶ್ಚಯಿಸಿದ್ದೇವೆ. ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾರಸ ತಣಿದು ಕಂಬಗಳಾಗಿ ನಿಂತ ದ್ವೀಪ ಅದು. ಮನೆಯಿಂದ ಒಂದೂವರೆ ಗಂಟೆಯ ದಾರಿಯಲ್ಲಿದ್ದೂ ಅತ್ತೆ ಇದುವರೆಗೆ ನೋಡಿಲ್ಲ. ಆ ಬೋಟು ಹತ್ತಿ ಇಳಿದರೆ ಕೊಚ್ಚಿಗೆ ಅರ್ಜಿ ಹಾಕುವುದು. ಆಗದಿದ್ದರೆ ಕುಂದಾಪುರದ ಹೊಳೆಯಲ್ಲೇ ದೋಣಿ ಮಾಡಿಕೊಂಡು ಬಬ್ಬುಕುದ್ರು, ಉಪ್ಪಿನಕುದ್ರು, ಕಾಂಡ್ಲಾವನ ಸುತ್ತಿ, ಪಂಚಗಂಗಾವಳಿ ಕಡಲು ಸೇರುವಲ್ಲಿ ಅವರ ತವರಿನ ಅಳಿವೆಯನ್ನು ನೀರಿನ ಕಡೆಯಿಂದ ತೋರಿಸಿಕೊಂಡು ಬರುವುದು. ಡಿಸೆಂಬರಿನಲ್ಲಿ, ಬೆಳಗಿನ ಹೊತ್ತು, ಇಳಿತ ಶುರುವಾಗುವ ಮೊದಲು.